"ನಮ್ಮ ಕಡೆ ಭೂಕಂಪ ಆಗಂಗಿಲ್ಲ ಬಿಡ್ರಿ"

(ಕಲಬುರಗಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಭೂಕಂಪವೇ ಆಗದ ಊರಿನಲ್ಲಿ ನೆಲ ನಡುಗಿದರೆ ಯಾರಿಗೂ ಮೊದಲು ಭೂಕಂಪ ನೆನಪಾಗುವುದಿಲ್ಲ. ಮೇಲಿನ ಮನೆಯವರು ಅಲ್ಮಾರಿ ಎಳೆದಾಡುತ್ತಿದ್ದಾರೆ ಅನ್ನಿಸುತ್ತದೆ. ಓಣಿಯಲ್ಲಿ ಲಾರಿ ಹೋಯಿತು ಅಂದುಕೊಳ್ಳುತ್ತೇವೆ, ಯಾರದೋ ಮನೆಯಲ್ಲಿ ಸಿಲಿಂಡರ್ ಸಿಡಿಯಿತು ಅಂತ ಹೊರಗೆ ಓಡಿ ನೋಡುತ್ತೇವೆ. ನಮ್ಮ ಸೇಡಂ, ಚಿತ್ತಾಪುರದ ಕಡೆಯವರಾದರೆ ಸಿಮೆಂಟಿನ ಸುಣ್ಣದಕಲ್ಲು ಗಣಿಯನ್ನೇ ಬೈಯುತ್ತಾರೆ. ಅವರದೇನೂ ತಪ್ಪಿಲ್ಲ. ದಿನವೂ ಕೇಳುವ ಸಪ್ಪಳದ ಲೆಕ್ಕದಲ್ಲೇ ಮನುಷ್ಯ ಹೊಸ ಸಪ್ಪಳವನ್ನೂ ಅಳೆಯುತ್ತಾನೆ.

ಇದರ ತಿರುಗುಮುರುಗೂ ಉಂಟು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರಿ ಸದ್ದು ಕೇಳಿ, ಕಿಟಕಿ ಗಾಜು ಅದುರಿ, ಅರ್ಧ ಊರು ಭೂಕಂಪ ಅಂತ ಫೋನಿನ ಮೇಲೆ ಫೋನ್ ಮಾಡಿತು. ರಾಜ್ಯದ ಕಂಪನಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಆಮೇಲೆ ತಿಳಿಯಿತು, ವಾಯುಪಡೆಯ ಪರೀಕ್ಷಾ ಹಾರಾಟದ ವಿಮಾನ ಶಬ್ದದ ವೇಗ ದಾಟಿದಾಗ ಹುಟ್ಟಿದ ಸದ್ದು ಅದು. ಭೂಕಂಪವಾದಾಗ ಗಣಿ ಅನ್ನುತ್ತೇವೆ, ವಿಮಾನ ಹೋದಾಗ ಭೂಕಂಪ ಅನ್ನುತ್ತೇವೆ. ಅನುಭವ ಇಲ್ಲದವರ ಪಾಡೇ ಅದು.

ಗಣಿಯ ಸಿಡಿತಕ್ಕೂ ಭೂಕಂಪಕ್ಕೂ ವ್ಯತ್ಯಾಸ ಮಾಡುವುದು ಯಂತ್ರಕ್ಕೆ ಕಷ್ಟವಲ್ಲ. ಮದ್ದು ಸಿಡಿದರೆ ಅದು ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಭೂಕಂಪದಲ್ಲಿ ಬಿರುಕಿನ ಒಂದು ಮಗ್ಗುಲು ಇನ್ನೊಂದರ ಮೇಲೆ ಜಾರುವುದರಿಂದ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಎಳೆತ. ಇದೇ ವಿದ್ಯೆಯಿಂದ ದೂರದೇಶಗಳ ಅಣುಬಾಂಬ್ ಪರೀಕ್ಷೆ ಪತ್ತೆ ಹಚ್ಚಲೆಂದು 1960ರ ದಶಕದಲ್ಲೇ ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಂಪನಮಾಪಕಗಳ ಸಾಲು ಹೂಳಿದರು. ಆ ಜಾಗ ಆರಿಸಿದ್ದಕ್ಕೆ ಕಾರಣ ಅಲ್ಲಿನ ನೆಲ ಗಟ್ಟಿ, ಸದ್ದುಗದ್ದಲ ಕಡಿಮೆ ಅಂತ. ಈ "ನೆಲ ಗಟ್ಟಿ" ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ದಖ್ಖನ್ ಪ್ರಸ್ಥಭೂಮಿ ಗಟ್ಟಿ ನೆಲ, ಹಿಮಾಲಯದ ಹಾಗೆ ಇಲ್ಲಿ ಭೂಕಂಪ ಆಗುವುದಿಲ್ಲ ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರು. ಅರ್ಧ ನಿಜ. ಭಾರತದ ಭೂಫಲಕ, ಅಂದರೆ ದೇಶವನ್ನು ಹೊತ್ತಿರುವ ದೊಡ್ಡ ಬಂಡೆಯ ಹಾಸು, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಒತ್ತಡದ ದೊಡ್ಡ ಪಾಲು ಹಿಮಾಲಯದಲ್ಲಿ ಖರ್ಚಾಗುತ್ತದೆ, ಸಣ್ಣ ಪಾಲು ಫಲಕದ ಹೊಟ್ಟೆಯೊಳಗಿನ ಹಳೇ ಬಿರುಕುಗಳಲ್ಲಿ ಕೂಡಿಕೊಳ್ಳುತ್ತದೆ. ಅದು ಹೊರಬೀಳಲು ನೂರಾರು, ಸಾವಿರಾರು ವರ್ಷ ಬೇಕಾಗಬಹುದು. ಬಳ್ಳಾರಿಯಲ್ಲಿ 1843ರ ಏಪ್ರಿಲ್ 1ರಂದು ನೆಲ ನಡುಗಿದ ದಾಖಲೆ ಇದೆ, ಕೊಯಮತ್ತೂರಿನಲ್ಲಿ 1900ರಲ್ಲಿ 6ರ ಆಸುಪಾಸಿನ ಪ್ರಮಾಣದ ಭೂಕಂಪ ಆಗಿದೆ. ನಡುವೆ ತಲೆಮಾರುಗಳೇ ಸರಿದು ಹೋಗುವುದರಿಂದ ಅಜ್ಜನಿಗೆ ನೆನಪಿದ್ದದ್ದು ಮೊಮ್ಮಗನ ಮನೆ ಕಟ್ಟುವ ಗೌಂಡಿಗೆ ತಲುಪುವುದಿಲ್ಲ. ಈವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಗೌಂಡಿ ಕಟ್ಟಿದ ಗೋಡೆಯ ವಿಚಾರ.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ 3 ಗಂಟೆ 56 ನಿಮಿಷ. ಮಹಾರಾಷ್ಟ್ರದ ಲಾತೂರು ಜಿಲ್ಲೆ ಔಸಾ ತಾಲ್ಲೂಕಿನ ಕಿಲ್ಲಾರಿ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ಪ್ರಮಾಣ 6.2. ಕಿಲ್ಲಾರಿಯಿಂದ ನಮ್ಮ ಆಳಂದಕ್ಕೆ ನೇರ ಗೆರೆ ಎಳೆದರೆ ಅರವತ್ತು ಕಿಲೋಮೀಟರ್ ಒಳಗೇ. ಬಸವಕಲ್ಯಾಣ ಇನ್ನೂ ಹತ್ತಿರ. ಇಲ್ಲಿ ಕುಳಿತಿರುವ ಐವತ್ತು ದಾಟಿದವರಿಗೆಲ್ಲ ಆ ಬೆಳಗು ನೆನಪಿರಬೇಕು. ಬೆಂಗಳೂರು, ಹೈದರಾಬಾದ್, ಮುಂಬೈಯಲ್ಲೂ ಜನ ಎದ್ದು ಕುಳಿತರು. ಹಳೆಯ, ತಣ್ಣಗಿನ, ಗಟ್ಟಿ ಬಂಡೆಯಲ್ಲಿ ಅಲೆ ಬೇಗ ಸೊರಗುವುದಿಲ್ಲ. ಗಟ್ಟಿ ನೆಲ ಅಂತ ನಾವು ಹೆಮ್ಮೆಪಡುತ್ತಿದ್ದ ನೆಲ ನಡುಕವನ್ನು ಬಹುದೂರದವರೆಗೆ ಹೊತ್ತುಕೊಂಡು ಬಂತು.

ಸತ್ತವರು ಎಂಟು ಸಾವಿರದ ಸಮೀಪ ಅಂತ ಸರ್ಕಾರದ ಲೆಕ್ಕ, ಹತ್ತು ಸಾವಿರದ ಸಮೀಪ ಅಂತ ಇತರ ಲೆಕ್ಕ. ಜಗತ್ತಿನಲ್ಲಿ 6.2 ಅಷ್ಟೇನೂ ಅಪರೂಪದ ಭೂಕಂಪವಲ್ಲ. ಜಪಾನಿನಲ್ಲಿ ಇಷ್ಟೇ ಪ್ರಮಾಣದ್ದು ಆದರೆ ಎಷ್ಟೋ ಸಲ ಒಬ್ಬರೂ ಸಾಯುವುದಿಲ್ಲ. ಹಾಗಾದರೆ ಕಿಲ್ಲಾರಿ, ಸಾಸ್ತೂರು, ಹೋಳಿ ಊರುಗಳಲ್ಲಿ ಇಷ್ಟು ಜನರನ್ನು ಕೊಂದದ್ದು ಏನು?

ನೀವು ನಿಮ್ಮ ಊರಿನ, ಮಣ್ಣು ಹೊದಿಸಿದ ಚಾವಣಿಯ ಮಾಳಿಗೆ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಕಡೆಯ ಮನೆಗೂ ಈ ಕಡೆಯ ಮನೆಗೂ ಗಡಿ ಇರಲಿಲ್ಲ, ನಿಜಾಮರ ಕಾಲದಲ್ಲಿ ಎಲ್ಲ ಒಂದೇ ಸೀಮೆ. ಎರಡೂವರೆ, ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಹೊರಗಿನಿಂದ ನೋಡಿದರೆ ಕೋಟೆಯ ಹಾಗೆ. ಆ ಗೋಡೆಯನ್ನು ಅಡ್ಡಕ್ಕೆ ಸೀಳಿ ನೋಡುವ ಅವಕಾಶ ನಮಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಭೂಕಂಪ ಅದನ್ನು ಸೀಳಿ ತೋರಿಸಿತು. ಪರಿಹಾರದ ಕೆಲಸಕ್ಕೆಂದು ಗೆಳೆಯರ ಜೊತೆ ಹೋದಾಗ ನಾನು ನಿಂತು ನೋಡಿದ ಒಂದು ಗೋಡೆ ಇನ್ನೂ ಕಣ್ಣಲ್ಲಿದೆ. ಹೊರಮೈಗೆ ಒಂದು ಸಾಲು ಚೆನ್ನಾಗಿ ಕೊರೆದ ಕಲ್ಲು, ಒಳಮೈಗೆ ಇನ್ನೊಂದು ಸಾಲು. ನಡುವೆ ಚೂರುಕಲ್ಲು, ಮಣ್ಣು, ಒಡೆದ ಹಂಚು, ಕೈಗೆ ಸಿಕ್ಕಿದ್ದೆಲ್ಲ. ಎರಡು ಸಾಲನ್ನೂ ಹಿಡಿದು ಕಟ್ಟುವ ಉದ್ದನೆಯ ಅಡ್ಡಗಲ್ಲು ಹುಡುಕಿದರೂ ಇಲ್ಲ. ನೆಲ ಅತ್ತಿತ್ತ ಆಡಿದಾಗ ನಡುವಿನ ಚೂರುಕಲ್ಲು ಕೆಳಗೆ ಕುಸಿದು ಬೆಣೆಯಂತೆ ಕೂತು ಎರಡೂ ಮೈಗಳನ್ನು ಹೊರಕ್ಕೆ ತಳ್ಳಿದೆ. ಹೊರಮೈ ಅಷ್ಟೂ ಬೀದಿಗೆ ಬಿದ್ದಿತ್ತು. ಒಳಮೈ ಮಲಗಿದ್ದವರ ಮೇಲೆ.

ಮೂರು ಅಡಿ ಗೋಡೆ ಅಂತ ನಾವು ಕರೆಯುತ್ತಿದ್ದದ್ದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೆಳ್ಳನೆಯ ಗೋಡೆಗಳು.

ಅಲ್ಲಿದ್ದ ಒಬ್ಬ ವಯಸ್ಸಾದ ಗೌಂಡಿಯನ್ನು ಕೇಳಿದೆ. ಗಡಿಯ ಆಚೆಯವರಾದರೂ ಕನ್ನಡ ಬಲ್ಲವರು.

"ಅಡ್ಡಗಲ್ಲು ಯಾಕ ಹಾಕಿಲ್ಲ ಅಜ್ಜಾ?"

"ಉದ್ದ ಕಲ್ಲ ಒಡೀಲಿಕ್ಕಿ ಕೂಲಿ ಹೆಚ್ಚಿಗಿ ಬೀಳ್ತದ್ರಿ. ಮನಿ ಯಜಮಾನ ನೋಡಾದು ಹೊರಗಿನ ಮಾರಿ. ಒಳಗ ಏನದ ಅಂತ ಯಾರ ಕೇಳ್ತಾರ?"

ಅವರ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. ಅವರ ಗೋಡೆಗಳು ಬಿಸಿಲು, ಮಳೆ, ಕಳ್ಳಕಾಕರು ಎಲ್ಲಕ್ಕೂ ನೂರು ವರ್ಷ ಎದುರು ನಿಂತಿದ್ದವು. ಅಡ್ಡಗಲ್ಲಿಲ್ಲದ್ದು ತಪ್ಪು ಅಂತ ತೋರಿಸುವ ಒಂದೇ ಒಂದು ಪರೀಕ್ಷೆ ಅವರ ಕಾಲದಲ್ಲಿ ಬಂದಿರಲಿಲ್ಲ. ಅಸ್ಸಾಮಿನಲ್ಲಿ ಮತ್ತೆ ಮತ್ತೆ ನೆಲ ನಡುಗಿದ್ದರಿಂದ ಹಗುರ ಬಿದಿರು, ಮರದ ಮನೆ ರೂಢಿಯಾಯಿತು. ಅಪರೂಪಕ್ಕೆ ನಡುಗುವ ನೆಲದಲ್ಲಿ ಅಂಥ ರೂಢಿ ಹುಟ್ಟುವುದೇ ಇಲ್ಲ.

ಈಗ ಮಾಳಿಗೆಗೆ ಬನ್ನಿ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಸೋರಬಾರದು ಅಂತ ಸವಳು ಮಣ್ಣು ಹಾಕುತ್ತೇವೆ. ಹಳೇದನ್ನು ಕೆರೆದು ತೆಗೆಯುವವರು ಕಡಿಮೆ. ವರ್ಷಕ್ಕೊಂದು ಪದರ ಕೂತು ಒಂದು ಅಡಿ, ಒಂದೂವರೆ ಅಡಿ, ಕೆಲವು ಕಡೆ ಎರಡು ಅಡಿಯೂ ಆಗುತ್ತದೆ. ಬೇಸಿಗೆಯಲ್ಲಿ ಕೋಣೆ ತಂಪು, ಆ ಸುಖ ಈ ಕಡೆಯವರಿಗೆ ನಾನು ವಿವರಿಸಬೇಕಿಲ್ಲ. ಆದರೆ ಲೆಕ್ಕ ಹಾಕಿ. ಹತ್ತು ಅಡಿ ಚೌಕದ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣು ಅಂದರೆ ಆರು ಟನ್ನಿಗೂ ಹೆಚ್ಚು ಭಾರ. ಗಾಡಿ ತಟ್ಟನೆ ಮುಂದೆ ಜಗ್ಗಿದರೆ ಮೇಲೆ ಪೇರಿಸಿದ ಮೂಟೆಗಳು ಹಿಂದಕ್ಕೆ ಬೀಳುತ್ತವಲ್ಲ, ಹಾಗೆ ನೆಲ ಪಕ್ಕಕ್ಕೆ ಸರಿದಾಗ ಮೇಲಿನ ಭಾರ ಇದ್ದಲ್ಲೇ ಉಳಿಯಲು ನೋಡುತ್ತದೆ. ಭಾರ ಹೆಚ್ಚಿದಷ್ಟೂ ಗೋಡೆಗೆ ಬೀಳುವ ಅಡ್ಡಪೆಟ್ಟು ಹೆಚ್ಚು.

ಎಲ್ಲ ಮಾಳಿಗೆ ಮನೆಗಳೂ ಒಂದೇ ರೀತಿ ಬೀಳಲಿಲ್ಲ. ತೊಲೆ ಕಂಬದ ಮೇಲೆ ಕೂತಿದ್ದ ಮನೆಗಳಲ್ಲಿ ಗೋಡೆ ಉರುಳಿದರೂ ಎಷ್ಟೋ ಕಡೆ ಮಾಳಿಗೆ ಕಂಬಗಳ ಮೇಲೆ ಹಾಗೇ ನಿಂತಿತ್ತು. ತೊಲೆಯ ತುದಿ ಗೋಡೆಯ ಮೇಲೇ ಕೂತಿದ್ದಲ್ಲಿ ಗೋಡೆಯ ಜೊತೆಗೇ ಮಾಳಿಗೆ ಬಂತು. ಊರಂಚಿನ ಗುಡಿಸಲುಗಳಲ್ಲಿ ಸಾವು ತೀರಾ ಕಡಿಮೆ. ಉಳ್ಳವರ ದಪ್ಪ ಗೋಡೆ ಕೊಂದಿತು, ಇಲ್ಲದವರ ತಡಿಕೆ ಉಳಿಸಿತು ಅಂತ ಆಗ ಎಲ್ಲರೂ ಆಡಿಕೊಂಡ ಮಾತು. ಅದು ದೇವರ ನ್ಯಾಯವಲ್ಲ, ತೂಕದ ಲೆಕ್ಕ.

ಕಿಲ್ಲಾರಿ ಪೂರ್ತಿ ಅನಿರೀಕ್ಷಿತವೇ? ಇಲ್ಲಿ ವಿಷಯ ಸ್ವಲ್ಪ ತೊಡಕಾಗುತ್ತದೆ. ಹಿಂದಿನ ವರ್ಷ, ಅಂದರೆ 1992ರ ಆಗಸ್ಟಿನಿಂದಲೇ ಅಲ್ಲಿ ಸಣ್ಣ ಸಣ್ಣ ಕಂಪನ ಶುರುವಾಗಿತ್ತು. ಅಕ್ಟೋಬರ್ 18ರಂದು 4ರ ಆಸುಪಾಸಿನದೊಂದು ಬಂತು. ಜನ ಹೆದರಿ ಹೊರಗೆ ಮಲಗಿದರು. ದಿನ ಕಳೆದಂತೆ ಕಂಪನ ತಣ್ಣಗಾಯಿತು, ಜನ ಒಳಗೆ ಬಂದರು. ಸುಮಾರು ಒಂದು ವರ್ಷದ ಮೇಲೆ ದೊಡ್ಡದು ಬಂತು. ಆಗ ಜಾರಿಯಲ್ಲಿದ್ದ ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ ಒಂದರಲ್ಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಅನ್ನುವ ವಲಯದಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಆ ಪ್ರದೇಶವನ್ನು ಮೂರಕ್ಕೆ ಏರಿಸಿದರು. ಅಷ್ಟೇ ಅಲ್ಲ, ವಲಯ ಒಂದನ್ನೇ ತೆಗೆದುಹಾಕಿ ಎರಡರಲ್ಲಿ ಸೇರಿಸಿದರು. ನಕ್ಷೆ ಬರೆಯುವವರ ಮೇಲೆ ನನಗೆ ಕೋಪವಿಲ್ಲ. ಇನ್ನೂರು ವರ್ಷದ ದಾಖಲೆ ಇಟ್ಟುಕೊಂಡು ಸಾವಿರಾರು ವರ್ಷಕ್ಕೊಮ್ಮೆ ಬರುವುದನ್ನು ಯಾರು ತಾನೇ ಗುರುತು ಹಾಕಬಲ್ಲರು?

ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ ಆಳವಾದ ಬೋರ್ ಕೊರೆದು ನೋಡಿದರು. ಕಪ್ಪು ಬಸಾಲ್ಟ್ ಶಿಲೆಯ ಹೊದಿಕೆ 340 ಮೀಟರ್‌ನಷ್ಟು ದಪ್ಪವಿತ್ತು, ಅದರ ಕೆಳಗೆ ಹಳೆಯ ಗ್ರಾನೈಟ್ ಜಾತಿಯ ಬಂಡೆ. ಲಾವಾ ಹರಿದು ಮುಚ್ಚಿಹಾಕಿದ ಮೇಲೆ ಕೆಳಗಿನ ಬಂಡೆಯ ಬಿರುಕುಗಳು ಮೇಲಿನಿಂದ ಕಾಣುವುದಿಲ್ಲ. ನಮ್ಮ ಆಳಂದ, ಬೀದರಿನ ಕಡೆಯೂ ಇದೇ ಕಪ್ಪು ಹೊದಿಕೆ.

ಇನ್ನು ನಮ್ಮ ಮನೆಯಂಗಳದ ಕಥೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಆದದ್ದು ನಿಮಗೆಲ್ಲ ಗೊತ್ತು. ಭೂಮಿಯೊಳಗಿಂದ ಗುಡುಗಿದ ಹಾಗೆ ಸದ್ದು, ಪಾತ್ರೆ ಉರುಳುವುದು, ಗೋಡೆ ಬಿರುಕು. ಅಕ್ಟೋಬರ್ 11ರ ರಾತ್ರಿ ಬಂದದ್ದು 4.1. ಜನ ಬೀದಿಯಲ್ಲಿ ಒಲೆ ಹೂಡಿದರು, ಕೆಲವರು ನೆಂಟರ ಊರಿಗೆ ಹೊರಟರು, ಮನೆ ಮುಂದೆ ತಗಡಿನ ಶೆಡ್ ಬೇಕು ಅಂತ ಕೇಳಿದರು. ಪೇಟೆಯಲ್ಲಿ ಕುಳಿತವರು "4ಕ್ಕೆಲ್ಲ ಇಷ್ಟು ಹೆದರ್ತಾರಾ" ಅಂತ ನಕ್ಕದ್ದನ್ನೂ ಕೇಳಿದ್ದೇನೆ. ನನಗೆ ಆ ನಗು ಹಿಡಿಸಲಿಲ್ಲ. ಕಿಲ್ಲಾರಿಯ ಮನೆಯಂಥದ್ದೇ ಮನೆಯಲ್ಲಿ ಮಲಗುವವನಿಗೆ ತಗಡಿನ ಶೆಡ್ಡಿನ ಬೇಡಿಕೆ ಹೆದರಿಕೆಯಲ್ಲ, ಸರಿಯಾದ ಎಂಜಿನಿಯರಿಂಗ್. ಹಗುರ ಚಾವಣಿ ಮೈಮೇಲೆ ಬಿದ್ದರೂ ಜೀವ ಉಳಿಯುತ್ತದೆ.

4.1 ಮತ್ತು 6.2ರ ನಡುವೆ ಅಂತರ ಎರಡೇ ಅಂಕಿ ಅಂತ ಕಾಣುತ್ತದೆ. ಪ್ರಮಾಣ ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಆ ಲೆಕ್ಕದಲ್ಲಿ ಕಿಲ್ಲಾರಿಯದ್ದು ಗಡಿಕೇಶ್ವಾರದ್ದಕ್ಕಿಂತ 1,400 ಪಟ್ಟು ದೊಡ್ಡದು. ಇದು ಸಮಾಧಾನದ ಮಾತು. ಆದರೆ ಸಣ್ಣ ಕಂಪನಗಳ ಸರಣಿ ಬಂತೆಂದರೆ ಅದರ ಹಿಂದೆ ದೊಡ್ಡದು ಬರುತ್ತದೋ ಇಲ್ಲವೋ ಅಂತ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಕಿಲ್ಲಾರಿಯಲ್ಲಿ ಬಂತು. ಗಡಿಕೇಶ್ವಾರದಲ್ಲಿ ಬರಲಿಲ್ಲ. 2022ರ ಜೂನ್ ಕೊನೆಗೆ ಕೊಡಗಿನ ಚೆಂಬು, ಸಂಪಾಜೆ, ಸುಳ್ಯದ ಕಡೆ ಒಂದರ ಹಿಂದೆ ಒಂದು ಬಂದವು, ಅವೂ ತಣ್ಣಗಾದವು. ಇಂಥ ಸರಣಿಗಳಲ್ಲಿ ಹೆಚ್ಚಿನವು ಹಾಗೇ ಸುಮ್ಮನಾಗುತ್ತವೆ. ಹಾಗಾಗಿ ಜಿಲ್ಲಾಧಿಕಾರಿ ಊರನ್ನೇ ಖಾಲಿ ಮಾಡಿಸಿದರೆ ಬೈಸಿಕೊಳ್ಳುವ ಸಂಭವ ಹೆಚ್ಚು, ಮಾಡಿಸದಿದ್ದರೆ ಯಾವಾಗಲೋ ಒಮ್ಮೆ ಶಾಪ ಹಾಕಿಸಿಕೊಳ್ಳುವ ಸಂಭವ. ಆ ಕುರ್ಚಿ ನನಗಂತೂ ಬೇಡ.

ಗಡಿಕೇಶ್ವಾರದ ಕಂಪನಕ್ಕೆ ಅಧಿಕಾರಿಗಳು ಕೊಟ್ಟ ವಿವರಣೆ ಮಳೆನೀರಿನದು. ಮಳೆ ಜೋರಾದ ವರ್ಷ ನೀರು ಬಿರುಕುಗಳಲ್ಲಿ ಇಳಿದು ಒಳಗೆ ಒತ್ತಡ ಹೆಚ್ಚಿಸುತ್ತದೆ, ಮೊದಲೇ ಬಿಗಿದುಕೊಂಡಿದ್ದ ಬಿರುಕು ಜಾರುತ್ತದೆ. ಸುಣ್ಣದಕಲ್ಲಿನ ನೆಲದಲ್ಲಿ ನೀರಿಗೆ ದಾರಿಗಳು ಬೇಕಾದಷ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಇಂಥ ಕಂಪನಗಳು ಕಾಣಿಸಿಕೊಳ್ಳುವುದಕ್ಕೆ ಈ ವಿವರಣೆ ಹೊಂದುತ್ತದೆ.

ಸದ್ದಿನ ಬಗ್ಗೆ ಒಂದು ಮಾತು, ಯಾಕೆಂದರೆ ಜನ ಕಂಪನಕ್ಕಿಂತ ಸದ್ದಿಗೇ ಹೆಚ್ಚು ಹೆದರಿದ್ದರು. ಭೂಕಂಪದಲ್ಲಿ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲಿನದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಅದು ಶಬ್ದದ ಜಾತಿಯದೇ ಒತ್ತಡದ ಅಲೆ. ಎರಡನೆಯದು ಮೂರೂವರೆ ಕಿಲೋಮೀಟರ್ ವೇಗದ್ದು, ಅಡ್ಡಕ್ಕೆ ಅಲುಗಾಡಿಸುವುದು ಅದೇ. ಆಳ ಕಡಿಮೆ ಇದ್ದು ಬಂಡೆ ಗಟ್ಟಿ ಇದ್ದರೆ ಮೊದಲನೆಯ ಅಲೆ ನೆಲದಿಂದ ಗಾಳಿಗೆ ದಾಟಿ ನಮ್ಮ ಕಿವಿಗೆ ಗುಡುಗಿನಂತೆ ಬೀಳುತ್ತದೆ. ಎರಡು ಅಲೆಗಳ ನಡುವೆ ಒಂದು ಸೆಕೆಂಡು ಅಂತರವಿದ್ದರೆ ಭೂಕಂಪ ಹುಟ್ಟಿದ ಜಾಗ ಸುಮಾರು 8 ಕಿಲೋಮೀಟರ್ ದೂರ. ಕಿಲ್ಲಾರಿಯ ದಿನ ಆಳಂದದಲ್ಲಿ ಆ ಅಂತರ ಆರೇಳು ಸೆಕೆಂಡು ಇದ್ದಿರಬೇಕು. ಕಿಲ್ಲಾರಿಯಲ್ಲಿ ಎದ್ದು ಕೂರುವಷ್ಟೂ ಇರಲಿಲ್ಲ.

ಕಿಲ್ಲಾರಿಯ ನಂತರ ಏನಾಯಿತು? ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ದೊಡ್ಡ ಪುನರ್ವಸತಿ ನಡೆಯಿತು, 52 ಹಳ್ಳಿಗಳನ್ನು ಪೂರ್ತಿ ಬೇರೆ ಜಾಗಕ್ಕೆ ಕಟ್ಟಿದರು. ಹೊಸ ಊರುಗಳು ಅಗಲ ರಸ್ತೆ, ಸಾಲು ಮನೆ. ಅದರ ಒಳ್ಳೇದು ಕೆಟ್ಟದ್ದು ಬೇರೆಯೇ ಉಪನ್ಯಾಸಕ್ಕೆ ಸಾಕಾಗುತ್ತದೆ. ಆದರೆ ಜನರ ಮನಸ್ಸಿನಲ್ಲಿ ಕೂತದ್ದು ಒಂದು: ಕಲ್ಲು ಕೊಲ್ಲುತ್ತದೆ, ಆರ್‌ಸಿಸಿ ಕಾಯುತ್ತದೆ. ಕಲ್ಲಿನ ಮೇಲೆ ಹೊರಿಸಿದ ಈ ಆಪಾದನೆ ನನಗೆ ಒಪ್ಪಿಗೆಯಿಲ್ಲ. ಕೊಂದದ್ದು ಕಟ್ಟಿದ ಬಗೆ. ಆರ್‌ಸಿಸಿ ಕೂಡ ಹಾಗೇ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡ ಕುಸಿದವು. ಅವುಗಳಲ್ಲಿ ಬಹಳಷ್ಟರಲ್ಲಿ ಕೆಳ ಅಂತಸ್ತು ಗೋಡೆಯಿಲ್ಲದ ಬರೀ ಕಂಬ, ಗಾಡಿ ನಿಲ್ಲಿಸಲು. ಈಗ ನಮ್ಮ ಕಲಬುರಗಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಕೆಳಗೆ ಒಂದು ಸುತ್ತು ಹಾಕಿ ಬನ್ನಿ.

*

(ಪ್ರಶ್ನೋತ್ತರ)

ವಿದ್ಯಾರ್ಥಿಯೊಬ್ಬ: ಸರ್, ನಾಯಿ, ದನಗಳಿಗೆ ಮುಂಚೆಯೇ ಗೊತ್ತಾಗುತ್ತದೆ ಅಂತಾರಲ್ಲ?

ನಾನು ಹೇಳಿದ ಮೊದಲನೆಯ ಅಲೆ ಇದೆಯಲ್ಲ, ಅದು ನಮಗೆ ತಿಳಿಯದಷ್ಟು ಸಣ್ಣಗಿದ್ದಾಗಲೂ ಪ್ರಾಣಿಗಳಿಗೆ ತಿಳಿಯಬಹುದು. ಅದು ಕೆಲವು ಸೆಕೆಂಡಿನ ಮಾತು. ದಿನಗಟ್ಟಲೆ ಮುಂಚೆ ತಿಳಿಯುತ್ತದೆ ಅನ್ನುವುದಕ್ಕೆ ನಂಬುವಂಥ ಆಧಾರವಿಲ್ಲ. ನಾಯಿ ದಿನಾ ಬೊಗಳುತ್ತದೆ, ಭೂಕಂಪದ ಹಿಂದಿನ ದಿನ ಬೊಗಳಿದ್ದು ಮಾತ್ರ ನಮಗೆ ನೆನಪಿರುತ್ತದೆ.

ಹಿರಿಯರೊಬ್ಬರು: ಡ್ಯಾಮಿನ ನೀರಿಂದ ಭೂಕಂಪ ಆಗ್ತದಂತ, ಖರೇ ಏನ್ರಿ?

ಮಹಾರಾಷ್ಟ್ರದ ಕೊಯ್ನಾದಲ್ಲಿ ಖರೇ. 1960ರ ದಶಕದ ಶುರುವಿಗೆ ಜಲಾಶಯಕ್ಕೆ ನೀರು ನಿಲ್ಲಿಸಿದರು, ಅಂದಿನಿಂದಲೇ ಕಂಪನ ಶುರುವಾಯಿತು, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರದ್ದು ಬಂದು ಸುಮಾರು 180 ಜನ ಸತ್ತರು. ಇವತ್ತಿಗೂ ಅಲ್ಲಿ ನಡುಗುತ್ತಲೇ ಇದೆ. ಅದಕ್ಕೇ ಭೂವಿಜ್ಞಾನ ಸಚಿವಾಲಯದವರು ಆ ಭಾಗದಲ್ಲಿ 3 ಕಿಲೋಮೀಟರ್ ಆಳದ ಬೋರ್ ಕೊರೆಸಿ ಅಧ್ಯಯನ ಮಾಡುತ್ತಿದ್ದಾರೆ. ಕಿಲ್ಲಾರಿಯ ಹತ್ತಿರವೂ ತೇರಣಾ ನದಿಗೆ ಅಣೆಕಟ್ಟು ಇದೆ, ಅದರ ಪಾತ್ರದ ಬಗ್ಗೆ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ನೀರು ಭೂಕಂಪವನ್ನು ಹುಟ್ಟಿಸುವುದಿಲ್ಲ, ಮೊದಲೇ ತುದಿಗೆ ಬಂದಿದ್ದ ಬಿರುಕಿಗೆ ಕೊನೆಯ ನೂಕು ಕೊಡುತ್ತದೆ.

ಹೆಣ್ಣುಮಗಳೊಬ್ಬರು: ನಮ್ದು ಹಳೀ ಮಾಳಿಗಿ ಮನಿ ಅದರಿ. ಕೆಡವಿ ಕಟ್ಟೋ ಅಷ್ಟು ರೊಕ್ಕ ಇಲ್ಲ. ನಾವೇನ್ ಮಾಡ್ಬೇಕ್ರಿ?

ಈ ಪ್ರಶ್ನೆಗೇ ನಾನು ಕಾದಿದ್ದೆ, ತಾಯಿ. ಕೆಡವಬೇಡಿ. ಮೊದಲು ಮಾಳಿಗೆ ಮೇಲೆ ಹತ್ತಿಸಿ ಮಣ್ಣು ಎಷ್ಟು ದಪ್ಪ ಅದ ಅಂತ ಸಲಾಕಿ ಚುಚ್ಚಿ ನೋಡಿಸಿ. ಅರ್ಧ ಅಡಿಗಿಂತ ಹೆಚ್ಚಿದ್ದದ್ದನ್ನು ಈ ಬೇಸಿಗೆಯಲ್ಲೇ ಇಳಿಸಿ, ಸೋರದ ಹಾಗೆ ಕೆಳಗೊಂದು ಪ್ಲಾಸ್ಟಿಕ್ ಹಾಳೆ ಹಾಸಿ. ಖರ್ಚು ಕೂಲಿಯದ್ದಷ್ಟೇ. ಎರಡನೆಯದು, ಗೋಡೆ. ಲಾತೂರಿನಲ್ಲಿ ಮಾಡಿದ ಕೆಲಸ ಇದು: ಗೋಡೆಯಲ್ಲಿ ಮೂರು ನಾಲ್ಕು ಅಡಿಗೊಂದರಂತೆ, ಮೈಯಿಂದ ಮೈಗೆ ಹಾಯುವ ಹಾಗೆ ಮುಷ್ಟಿ ತೂರುವಷ್ಟು ತೂತು. ಗುದ್ದಬಾರದು, ಕಲ್ಲನ್ನು ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಅದರೊಳಗೆ ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಬೇಕು. ಅಜ್ಜನ ಕಾಲದಲ್ಲಿ ಹಾಕದ ಅಡ್ಡಗಲ್ಲನ್ನು ಈಗ ಹಾಕಿದ ಹಾಗೆ. ಮೂರನೆಯದು, ಕಂಬ ಮತ್ತು ತೊಲೆ ಕೂಡುವಲ್ಲಿ ಓರೆಯಾಗಿ ಒಂದು ಕಟ್ಟಿಗೆ ತುಂಡು ಬಡಿಸಿ, ಕಂಬ ವಾಲುವುದಿಲ್ಲ. ತೊಲೆ ಗೋಡೆಯ ಮೇಲೇ ಕೂತಿದ್ದರೆ ಅದರ ಕೆಳಗೆ ಒಂದು ಕಂಬ ನಿಲ್ಲಿಸಿ.

ಅದೇ ಹೆಣ್ಣುಮಗಳು: ಎಲ್ಲಾನೂ ಒಮ್ಮೆ ಆಗಂಗಿಲ್ಲ ಅಂದ್ರ?

ಹಾಗಾದರೆ ಮಕ್ಕಳು ಮಲಗುವ ಕೋಣೆಯಿಂದ ಶುರು ಮಾಡಿ. ಮತ್ತೆ ಗೌಂಡಿ ಬಂದಾಗ ನೀವೇ ಎದುರಿಗೆ ನಿಂತು, ಸರಳು ಆಚೆ ಮೈಗೆ ಹೊರಬಂದಿದೆಯಾ ಅಂತ ಕೈ ಹಾಕಿ ನೋಡಿರಿ.